ಕೆಳಗಿನ ಮನೆಯ ಟಿಯಾ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನ್ನ ಅಮ್ಮ ಹೇಳುತ್ತಿದ್ದರು. ಪ್ರಯತ್ನ ಮಾಡುತ್ತಿದ್ದೇನೆ. ಹೋದ ವಾರ ನಮ್ಮವರ ಆಫೀಸಿನ ಪೋಸ್ಟ್ ಬಾಕ್ಸಿಗೆ ಪೋರ್ಚುಗಲಿನಿಂದ ಒಂದು ಕಾಗದ ಬಂತು. ಟಿಯಾಳ ಗಂಡ ಬರೆದದ್ದು. ಎರಡು ಪುಟ, ತಪ್ಪು ತಪ್ಪು ಇಂಗ್ಲಿಷು. ಅವಳು ಹೋಗಿ ಮೂರು ತಿಂಗಳಾಯಿತಂತೆ. ಯಾವ ಕಾಯಿಲೆ, ಎಷ್ಟು ದಿನ ಮಲಗಿದ್ದಳು ಎಂಬುದೊಂದೂ ಇಲ್ಲ; ಆದರೆ ಕೊನೆಯ ವಾರವೂ ಆಸ್ಪತ್ರೆಯ ಸೂಪಿಗೆ ಉಪ್ಪಿಲ್ಲ ಎಂದು ನರ್ಸಿನ ಹತ್ತಿರ ಜಗಳ ಮಾಡಿದಳು ಎಂದು ಮಾತ್ರ ಬರೆದಿದ್ದ. ನಮ್ಮವರು ಓದಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಮಾಡದೆ ಇರ್ತಾಳಾ?" ಕಣ್ಣೀರು ಬಂದದ್ದು ಆಮೇಲೆ, ಅಕ್ಕಿ ತೊಳೆಯುವಾಗ.

ಈಗ ನಾವು ಮಸ್ಕತ್ತಿನ ಅಲ್ ಖೌದಿನಲ್ಲಿದ್ದೇವೆ. ಆಗ ಅಲ್ ಗುಬ್ರಾದಲ್ಲಿದ್ದೆವು. ನಾಲ್ಕು ಫ್ಲಾಟಿನ ಸಣ್ಣ ಕಟ್ಟಡ, ಟೆರೇಸಿನ ಮೇಲೆ ನಿಂತರೆ ನಮ್ಮವರು ಕೆಲಸ ಮಾಡುವ ನೀರು-ಕರೆಂಟಿನ ಪ್ಲಾಂಟಿನ ಚಿಮಣಿಗಳು, ಅದರಾಚೆ ಸಮುದ್ರ. ನಾವು ಮೇಲೆ, ಅವಳು ನಮ್ಮ ಸರಿ ಕೆಳಗೆ. ಅವಳ ಗಂಡ ಬೆಟ್ಟ ಕಡಿದು ರಸ್ತೆ ಮಾಡುವ ಕಂಪೆನಿಯೊಂದರಲ್ಲಿ ಎಂಜಿನಿಯರು. ವಾರವಿಡೀ ಕ್ಯಾಂಪಿನಲ್ಲಿ, ಗುರುವಾರ ಸಂಜೆ ಮನೆಗೆ, ಶುಕ್ರವಾರ ಪೂರ್ತಿ ನಿದ್ದೆ. ಮಕ್ಕಳಿರಲಿಲ್ಲ. ಐವತ್ತು ದಾಟಿದ ಹೆಂಗಸು, ಗಿಡ್ಡ, ಗಟ್ಟಿ, ತಲೆಗೊಂದು ಗಂಡಸರ ಟೊಪ್ಪಿ. ಮೊದಲ ದಿನವೇ ನನ್ನ ಮಕ್ಕಳು ಅಭ್ಯಾಸಬಲದಿಂದ "ಆಂಟಿ" ಎಂದದ್ದಕ್ಕೆ ಅವಳಿಗೆ ಕೋಪ ಬಂತು. "ಆಂಟಿ ಅಲ್ಲ. ಟಿಯಾ!" ಅವಳ ಭಾಷೆಯಲ್ಲಿ ಚಿಕ್ಕಮ್ಮನಿಗೆ ಹಾಗೆ ಹೇಳುತ್ತಾರಂತೆ. ಅಂದಿನಿಂದ ಕಟ್ಟಡಕ್ಕೆಲ್ಲ ಅವಳು ಟಿಯಾ ಆದಳು.

ನನ್ನ ಹೆಸರು ಸುಜಾತಾ. ಅದು ಅವಳ ಬಾಯಲ್ಲಿ "ಸೋಝಾ" ಆಯಿತು. ಹತ್ತು ಸಲ ತಿದ್ದಿದೆ. "ಗೊತ್ತು ಗೊತ್ತು, ಸೋಝಾ" ಎನ್ನುತ್ತಿದ್ದಳು. ನಮ್ಮೂರ ಕಡೆ ಅದು ಕ್ರಿಸ್ತಾನರ ಮನೆತನದ ಹೆಸರು, ನಮ್ಮವರಿಗೆ ನಗು. "ಇನ್ನು ಇಗರ್ಜಿಯಿಂದ ವಂತಿಗೆ ಕೇಳಲಿಕ್ಕೆ ಬರ್ತಾರೆ ನೋಡು." ಅಷ್ಟು ಹೇಳುವುದೇ ತಡ, ಅವಳು ಬೆರಳೆತ್ತಿ, "ಇಗರ್ಜಿ! ಅದು ನಮ್ಮ ಶಬ್ದ!" ಎಂದಳು.

ಆ ಕರ್ಮ ಅಲ್ಲಿಂದ ಶುರುವಾದದ್ದು. ನಾನು ಮಕ್ಕಳ ಹತ್ತಿರ ಮಾತಾಡುವಾಗ ಮಗ್ಗುಲಲ್ಲಿ ಕೂತು ಕಿವಿ ಕೊಟ್ಟು ಕೇಳುತ್ತಿದ್ದಳು. "ಮೇಜಿನ ಮೇಲೆ ಚಾವಿ ಉಂಟು ನೋಡು" ಎಂದರೆ ಸಾಕು, "ಮೇಜು ನಮ್ಮದು! ಚಾವಿ ನಮ್ಮದು!" ಬಟಾಟೆ ಅವರದು, ಸಾಬೂನು ಅವರದು, ಬಾಲ್ದಿ ಅವರದು, ತುವಾಲು ಅವರದು, ಅನಾನಸು ಅವರದು. ಒಂದು ದಿನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳಿಗೆ ರೇಗಿಹೋಯಿತು.

"ಹಾಗಾದ್ರೆ ನೀವು ಬರುವ ಮೊದಲು ನಾವು ಮೇಜಿಲ್ಲದೆ ಬದುಕಿರಲಿಲ್ವಾ?"

"ಬದುಕಿದ್ರಿ, ನೆಲದ ಮೇಲೆ ಕೂತು," ಎಂದಳು, ಒಂದಿಷ್ಟೂ ಸಂಕೋಚವಿಲ್ಲದೆ.

"ನಮ್ಮ ಉಳ್ಳಾಲದ ರಾಣಿಯ ಕೈಯಲ್ಲಿ ಪೆಟ್ಟು ತಿಂದವರು ನೀವು. ಗೊತ್ತುಂಟಾ?"

"ಯಾವಾಗ?"

"ನಾನೂರು ವರ್ಷದ ಹಿಂದೆ."

"ಹಾಗಾದ್ರೆ ಆ ಜಗಳ ಮುಗೀತು. ಇಡ್ಲಿ ಕೊಡು."

ಅಡುಗೆಮನೆಗೆ ಬಂದರೆ ಪಾತ್ರೆಗಳ ಮುಚ್ಚಳ ಎತ್ತದೆ ಅವಳಿಗೆ ಸಮಾಧಾನವಿಲ್ಲ. ನಮ್ಮ ಕಾಪು ಕಡೆಯ ಮೀನಿನ ಸಾರು ನೋಡಿ, "ಸೋಝಾ, ಈ ಮೀನು ಒಮ್ಮೆ ಸತ್ತಿದೆ. ಮೆಣಸಿನಲ್ಲಿ ಇನ್ನೊಮ್ಮೆ ಯಾಕೆ ಕೊಲ್ತೀ?" ಎಂದು ಬೈಯುತ್ತಿದ್ದಳು. ಬೈದುಕೊಂಡೇ ಮೂರು ಸಲ ಬಡಿಸಿಕೊಳ್ಳುತ್ತಿದ್ದಳು. ಮೂಗು ಒರೆಸುತ್ತಾ, ನೀರು ಕುಡಿಯುತ್ತಾ, ನನಗೆ ಅಡುಗೆ ಬರುವುದಿಲ್ಲ ಎಂದು ಹೇಳುತ್ತಾ ತಿನ್ನುತ್ತಿದ್ದಳು. ನಮ್ಮ ಎದುರಿನ ಫ್ಲಾಟಿನ ಮೈಸೂರಿನವರು ಬಹಳ ಮರ್ಯಾದಸ್ಥರು. ಹೇಳದೆ ಕೇಳದೆ ಒಬ್ಬರ ಮನೆಗೆ ಹೋದವರಲ್ಲ. ಅವರ ಹೆಂಡತಿ ಒಂದು ಸಲ ನನ್ನನ್ನು ಕೇಳಿದರು, "ನೀವು ಇವ್ರನ್ನ ಹೇಗ್ರೀ ಸಹಿಸ್ಕೋತೀರ?" 

ಇನ್ನು ಶುಕ್ರವಾರಗಳು. ಶುಕ್ರವಾರ ಬೆಳಿಗ್ಗೆ ಯಾರಾದರೂ ಬಾಗಿಲು ಬಡಿದರೆ ಈಗಲೂ ನಾನು ಹಾಸಿಗೆಯಿಂದ ಹಾರಿ ಏಳುತ್ತೇನೆ. ಇಡೀ ವಾರದಲ್ಲಿ ಸ್ವಲ್ಪ ತಡವಾಗಿ ಏಳುವ ಒಂದು ದಿನ. ಸರಿಯಾಗಿ ಏಳು ಗಂಟೆಗೆ ಧಡಧಡ. "ಸೋಝಾ! ಯಲ್ಲಾ! ಹೊತ್ತಾಯ್ತು!" ನಮ್ಮವರು ಕೂಡಲೇ ಹೊದಿಕೆ ಎಳೆದುಕೊಂಡು ಸತ್ತವರ ಹಾಗೆ ಮಲಗುತ್ತಿದ್ದರು. ನೈಟ್ ಶಿಫ್ಟು ಮುಗಿಸಿ ಬಂದಿದ್ದಾರೆ ಎಂದು ನಾನು ಹೇಳಬೇಕು. ಹೇಳಿದರೆ ಅವಳು ಖುಷಿಯಿಂದ, "ಮಲಗಲಿ ಪಾಪ, ನಾವು ಹೋಗುವ" ಎನ್ನುತ್ತಿದ್ದಳು. ಅವಳ ಗಂಡ ಕೆಳಗೆ ಮಲಗಿದ್ದ, ನನ್ನ ಗಂಡ ಮೇಲೆ ಮಲಗಿದ್ದ. ಸುತ್ತಾಟಕ್ಕೆ ನಾನು, ಎಂಟು ವರ್ಷದ ದೀಪಾ, ನಾಲ್ಕು ವರ್ಷದ ಮಗ.

ಏಳಕ್ಕೆ ಬಾಗಿಲು ಬಡಿದವಳು ಹೊರಡುತ್ತಿದ್ದದ್ದು ಹತ್ತಕ್ಕೆ. ಟೊಪ್ಪಿ ಸಿಗುವುದಿಲ್ಲ, ಜೀಪಿನ ಚಾವಿ ಸಿಗುವುದಿಲ್ಲ, ಸಿಕ್ಕಿದ ಮೇಲೆ ಕಾಫಿ ಕುಡಿಯದೆ ಹೊರಡುವುದು ಅಪಶಕುನ. ಬಿಸಿಲು ನೆತ್ತಿಗೇರಿದ ಮೇಲೆ ಪ್ರಯಾಣ. ಜೀಪಿನಲ್ಲಿ ಏಸಿ ಇತ್ತು, ಹಾಕುತ್ತಿರಲಿಲ್ಲ. ಏಸಿಯಿಂದ ಎದೆಗೆ ಶೀತವಾಗುತ್ತದಂತೆ. ಕಿಟಕಿಯಿಂದ ಬರುವುದು ಕಾವಲಿಯ ಮೇಲಿನ ಗಾಳಿ. ನಖಲ್‌ನ ಬಿಸಿನೀರ ಬುಗ್ಗೆಗೆ ಎಂದು ಹೊರಟರೆ ಬರ್ಕಾದ ಮೀನು ಮಾರ್ಕೆಟಿನಲ್ಲಿ ಒಂದು ಗಂಟೆ, ದಾರಿಬದಿಯ ಖರ್ಜೂರದ ತೋಟದಲ್ಲಿ ಇನ್ನೊಂದು ಗಂಟೆ. ಯಾರೋ ತೋಟದವನು "ಬನ್ನಿ, ಕಹ್ವಾ ಕುಡಿಯಿರಿ" ಎಂದರೆ ನಮ್ಮಂಥವರು ನಕ್ಕು ಕೈಮುಗಿದು ಮುಂದೆ ಹೋಗುತ್ತೇವೆ. ಇವಳು ಜೀಪು ನಿಲ್ಲಿಸಿ ಚಾಪೆಯ ಮೇಲೆ ಕಾಲು ಚಾಚಿ ಕೂತೇ ಬಿಡುತ್ತಿದ್ದಳು. ಅವಳ ಅರಬ್ಬಿ ಅರ್ಧ ಅವಳದೇ ಭಾಷೆ. ಅವರಿಗೆ ಏನು ಅರ್ಥವಾಗುತ್ತಿತ್ತೋ, ಮನೆಯ ಹೆಂಗಸರು ಅವಳ ಕೈ ಹಿಡಿದು ನಗುತ್ತಿದ್ದರು; ನಾನು ಮಗನ ಮೂಗು ಒರೆಸುತ್ತಾ ಗಡಿಯಾರ ನೋಡುತ್ತಾ ಕೂತಿರುತ್ತಿದ್ದೆ.

ನೀರು ಕಂಡಲ್ಲಿ ಅವಳು ಇಳಿಯಲೇಬೇಕು. ಅರ್ಧ ಚಡ್ಡಿ ಹಾಕಿ ಸೀಬ್ ಕಡಲಿಗೆ ಇಳಿದರೆ ದಂಡೆಯ ಮೀನುಗಾರರು ಮುಖ ತಿರುಗಿಸುತ್ತಿದ್ದರು, ನಾನು ತುವಾಲು ಹಿಡಿದು ನಾಚಿಕೆಯಿಂದ ನೆಲ ನೋಡುತ್ತಿದ್ದೆ. ದೀಪಾಳನ್ನು ಸೊಂಟ ಹಿಡಿದು ನೀರಿಗೆ ಹಾಕಿ ಈಜು ಕಲಿಸಿದವಳೂ ಅವಳೇ. ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಬರುವಾಗ ಜೀಪಿನ ತುಂಬ ಕಲ್ಲುಗಳು. ಕೆಂಪು ಕಲ್ಲು, ಹಸಿರು ಗೆರೆಯ ಕಲ್ಲು, ನನ್ನ ಕಾಲು ಇಡಲು ಜಾಗವಿಲ್ಲ. "ಇದನ್ನೆಲ್ಲ ಎಂಥ ಮಾಡ್ತೀರಿ?" ಎಂದರೆ "ನೋಡ್ತೇನೆ" ಎನ್ನುತ್ತಿದ್ದಳು.

ಒಂದು ಜಾಗಕ್ಕೆ ಮಾತ್ರ ಅವಳು ಬರುತ್ತಿರಲಿಲ್ಲ. ಹಳೆಯ ಮಸ್ಕತ್ತಿನ ಬಂದರಿನ ಎರಡೂ ಕಡೆ ಬಂಡೆಯ ಮೇಲೆ ಕೋಟೆಗಳಿವೆ, ಅವಳ ಜನ ಕಟ್ಟಿದವು ಎಂದು ಎಲ್ಲರಿಗೂ ಗೊತ್ತು. ಸಿಕ್ಕಿದವರೆಲ್ಲ ಅವಳಿಗೆ ಅದನ್ನೇ ಹೇಳುವವರು. ನಾನೂ ಒಮ್ಮೆ, ಶಬ್ದಗಳ ಸೇಡು ತೀರಿಸಲೆಂದು, "ನಿಮ್ಮ ಕೋಟೆ ನೋಡಿ ಬರುವ" ಎಂದೆ. ಅವಳು ನಗಲಿಲ್ಲ. "ನನ್ನ ಅಜ್ಜ ಬ್ರೆಡ್ಡು ಮಾಡ್ತಿದ್ದ ಸೋಝಾ. ಕೋಟೆ ಕಟ್ಟಲಿಲ್ಲ."

ಆ ಅಜ್ಜ ಬ್ರೆಡ್ಡು ಮಾಡಿದ್ದು ಆಫ್ರಿಕಾದಲ್ಲಿ, ಅವರ ಜನ ಆಳುತ್ತಿದ್ದ ಮೊಜಾಂಬಿಕಿನಲ್ಲಿ. ಇವಳು ಹುಟ್ಟಿದ್ದು, ಮದುವೆಯಾದದ್ದು ಎಲ್ಲ ಅಲ್ಲೇ. ಆ ದೇಶ ಸ್ವತಂತ್ರವಾದಾಗ ಒಂದೊಂದು ಪೆಟ್ಟಿಗೆ ಹಿಡಿದು ಗಂಡ ಹೆಂಡತಿ ಹೊರಟದ್ದಂತೆ. ಅದು ಬಿಟ್ಟು ಹೆಚ್ಚು ಹೇಳಿದವಳಲ್ಲ. "ಅವರ ನೆಲ ಅವರಿಗೆ ಹೋಯ್ತು, ಸರಿಯೇ ಅಲ್ವಾ?" ಎಂದು ನಮ್ಮವರು ಒಮ್ಮೆ ನನ್ನ ಹತ್ತಿರ ತುಳುವಿನಲ್ಲಿ ಹೇಳಿದರು. ಅವಳಿಗೆ ತುಳು ಬಾರದು, ಆದರೂ ಧ್ವನಿಯಿಂದ ತಿಳಿಯಿತೋ ಏನೋ, "ಸರಿ ಅಂತ ನನಗೂ ಗೊತ್ತು" ಎಂದಳು. ನಮ್ಮವರು ಪೆಚ್ಚಾದರು. ಪೋರ್ಚುಗಲನ್ನು ಅವಳು ಮೊದಲು ನೋಡಿದ್ದು ಮೂವತ್ತೇಳನೆಯ ವಯಸ್ಸಿನಲ್ಲಿ. ಭಾವನ ಮನೆಯ ಹಿಂದಿನ ಕೋಣೆಯಲ್ಲಿ ಎಂಟು ವರ್ಷ. ಬೀದಿಯವರು ಇವರನ್ನು 'ವಾಪಸು ಬಂದವರು' ಎಂದು ಕರೆಯುತ್ತಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಅವಳ ದನಿ ಸಣ್ಣಗಾಗುತ್ತಿತ್ತು. "ನಾನು ಅಲ್ಲಿಂದ ಹೋದವಳೇ ಅಲ್ಲ. ಮತ್ತೆ ವಾಪಸು ಬರುವುದು ಹೇಗೆ?"

ಕುವೈತಿನ ಗಲಾಟೆ ಶುರುವಾದ ವರ್ಷ ನಮ್ಮ ಜನರಲ್ಲಿ ಬೇರೆ ಮಾತೇ ಇರಲಿಲ್ಲ. ಯಾರ ಹೆಂಡತಿ ಮಕ್ಕಳು ಊರಿಗೆ ಹೋದರು, ಯಾರಿಗೆ ಟಿಕೆಟ್ಟು ಸಿಕ್ಕಿತು, ಯಾರು ಬೇಳೆ ಅಕ್ಕಿ ತುಂಬಿಟ್ಟರು. ಕುವೈತಿನಿಂದ ಬರಿಗೈಯಲ್ಲಿ ಊರು ಸೇರಿದ ನಮ್ಮ ಕಡೆಯವರ ಸುದ್ದಿ ಕೇಳಿ ಕೇಳಿ ನನಗೆ ಅನ್ನ ಸೇರುತ್ತಿರಲಿಲ್ಲ. ನಮ್ಮವರೂ ನಮ್ಮನ್ನು ಊರಿಗೆ ಕಳಿಸುವ ಯೋಚನೆಯಲ್ಲಿದ್ದರು. ಟಿಯಾ ಮಾತ್ರ ಶುಕ್ರವಾರ ಏಳಕ್ಕೆ ಸರಿಯಾಗಿ ಧಡಧಡ. "ಯುದ್ಧ ಅಲ್ಲಿ ಸೋಝಾ. ಪಿಕ್‌ನಿಕ್ ಇಲ್ಲಿ. ಹೆದರುವವರಿಗೆ ಕಡಲು ಇಷ್ಟೇ ಕಾಣುವುದು" ಎಂದು ಹೆಬ್ಬೆರಳು ತೋರು ಬೆರಳು ಜೋಡಿಸಿ ತೋರಿಸಿದಳು. ಮೈ ಉರಿಯಿತು. ಉರಿದರೂ ಮೊಸರನ್ನ ಕಟ್ಟಿಕೊಂಡು ಹೊರಟೆ. ಇಲ್ಲ ಎನ್ನಲು ಬಾರದ ನನ್ನ ಬುದ್ಧಿಗೆ ಏನು ಹೇಳುವುದು?

ಅದು ಆದದ್ದು ಆವತ್ತೇ. ಏರ್‌ಪೋರ್ಟು ದಾಟಿ ಸೀಬ್ ಹತ್ತಿರ ಹೈವೇಯಲ್ಲಿದ್ದೆವು. ಮಗ ನನ್ನ ಮಡಿಲಲ್ಲಿ, ದೀಪಾ ಹಿಂದೆ. ಹಿಂದಿನಿಂದ ಮಿಲಿಟರಿ ಲಾರಿಗಳ ಸಾಲು ಬಂತು. ಮಣ್ಣಿನ ಬಣ್ಣದ, ಟಾರ್ಪಾಲು ಹೊದಿಸಿದ ದೊಡ್ಡ ಲಾರಿಗಳು. ಒಂದು ದಾಟಿತು, ಎರಡು ದಾಟಿತು, ಸಾಲು ಮುಗಿಯುವುದೇ ಇಲ್ಲ. ಆಗಲೇ ತಲೆಯ ಮೇಲೆ ತೀರ ಕೆಳಗಿನಿಂದ ವಿಮಾನವೊಂದು ಹೋಯಿತು, ಜೀಪು ಗಡಗಡ ನಡುಗಿತು. ಜೀಪು ನಿಧಾನವಾಯಿತು. ಕಹ್ವಾ ಕುಡಿಯಲು ಇನ್ನೊಂದು ತೋಟ ಕಂಡಿತೇನೋ ಎಂದುಕೊಂಡೆ. ರಸ್ತೆಯ ನಡುವೆಯೇ ನಿಂತಿತು. ಹಿಂದೆ ಹಾರ್ನು. ತಿರುಗಿ ನೋಡಿದರೆ ಅವಳ ಮುಖದಲ್ಲಿ ರಕ್ತವಿಲ್ಲ. ಎರಡೂ ಕೈ ಸ್ಟೇರಿಂಗನ್ನು ಕಚ್ಚಿ ಹಿಡಿದಿವೆ. ಕಣ್ಣಿಂದ ನೀರು ಇಳಿಯುತ್ತಿದೆ. ಆದರೆ ಅಳುವ ಶಬ್ದವಿಲ್ಲ.

"ಟಿಯಾ, ಬದಿಗೆ ತೆಗೀರಿ. ಬದಿಗೆ!"

ಕೇಳಿಸಿಕೊಳ್ಳಲಿಲ್ಲ. ನನಗೆ ಕಾರು ಬಿಡಲು ಬಾರದು. ಇಬ್ಬರು ಮಕ್ಕಳು, ಹಿಂದೆ ಹಾರ್ನು, ಮುಂದೆ ಲಾರಿಗಳ ಧೂಳು. ನನಗೆ ಮೊದಲು ಬಂದದ್ದು ಕರುಣೆಯಲ್ಲ, ಹೇಳಿಬಿಡುತ್ತೇನೆ: ನಿಮಗೆ ಪಿಕ್‌ನಿಕ್ ಬೇಕಿತ್ತಲ್ಲ, ಈಗ ಮಾಡಿ ಎಂದು ಕಿರುಚಬೇಕು ಅನ್ನಿಸಿತು. ಅವಳ ಕೈ ಬಿಡಿಸಲು ನೋಡಿದೆ, ಕಬ್ಬಿಣದ ಹಾಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಏನೂ ತೋಚದೆ ಡಬ್ಬ ತೆಗೆದು ಮೊಸರನ್ನ ಒಂದು ಚಮಚ ಅವಳ ಬಾಯಿಗೆ ಇಟ್ಟೆ. ನುಂಗಿದಳು. ಇನ್ನೊಂದು ಇಟ್ಟೆ. ದೀಪಾ ಹಿಂದಿನಿಂದ ಕೈ ಚಾಚಿ ಅವಳ ಟೊಪ್ಪಿಯನ್ನು ಸವರುತ್ತಿದ್ದಳು.

ಆಗ ಒಂದು ಪಿಕಪ್ ನಮ್ಮ ಹಿಂದೆ ದೀಪ ಮಿನುಗಿಸುತ್ತಾ ನಿಂತಿತು. ಬರ್ಕಾದ ಕಡೆಯ ಒಬ್ಬ ಮುದುಕ, ಜೊತೆಗೆ ಅವನ ತಮ್ಮ. ಕಿಟಕಿಯಲ್ಲಿ ಬಗ್ಗಿ ನೋಡಿ ಹಿಂದಿಯಲ್ಲಿ, "ಕ್ಯಾ ಹುವಾ ಬೆಹೆನ್?" ಎಂದು ಕೇಳಿದ. ನಾನು ಆಕಾಶ ತೋರಿಸಿದೆ, ಲಾರಿ ತೋರಿಸಿದೆ, ಅವಳನ್ನು ತೋರಿಸಿದೆ. ಅವನಿಗೆ ತಿಳಿಯಿತು. "ಖಲಾಸ್, ಖಲಾಸ್" ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತಾ ಬಾಗಿಲು ತೆಗೆದ. ಅವನು ಅವಳನ್ನು ಮುಟ್ಟಲಿಲ್ಲ. ನಾನೇ ಬೆರಳು ಒಂದೊಂದಾಗಿ ಬಿಡಿಸಿ ಅವಳನ್ನು ಈಚೆ ಸರಿಸಿದೆ. ಮುದುಕ ಜೀಪು ತಿರುಗಿಸಿ ಅಲ್ ಗುಬ್ರಾದವರೆಗೆ ತಂದುಬಿಟ್ಟ, ತಮ್ಮ ಪಿಕಪ್ಪಿನಲ್ಲಿ ಹಿಂದೆ ಬಂದ. ಅರ್ಧ ದಾರಿಯಲ್ಲಿ ಅವಳಿಗೆ ಮಾತು ಬಂತು. ಬಂದ ಮೊದಲ ಮಾತು ಆ ಪುಣ್ಯಾತ್ಮನಿಗೆ, ಗೇರು ಹಾಗಲ್ಲ ಹಾಕುವುದು ಎಂದು.

ಮನೆಯ ಮುಂದೆ ಇಳಿದಾಗ ನನ್ನ ಮಣಿಕಟ್ಟು ಹಿಡಿದಳು. "ನನ್ನ ಗಂಡನಿಗೆ ಹೇಳಬೇಡ. ಇದು ಮೊದಲ ಸಲ ಅಲ್ಲ. ಇನ್ನೊಮ್ಮೆ ಹೀಗಾದರೆ ಪೋರ್ಚುಗಲಿಗೇ ಹೋಗುವುದು ಅಂತ ಹೇಳಿದ್ದಾನೆ. ಆ ಹಿಂದಿನ ಕೋಣೆಗೆ ನಾನು ಹೋಗಲಾರೆ." ಆಯಿತು ಎಂದೆ. ನಮ್ಮವರಿಗೂ ಹೇಳುವುದಿಲ್ಲ ಎಂದೆ. ಹೇಳಲಿಲ್ಲ.

ಆದರೆ ನಾನು ಒಪ್ಪಿದ್ದು ಬಾಯಿ ಮುಚ್ಚಿಕೊಂಡಿರಲು. ಅವಳು ಮಾಡಿದ್ದೇನು? ಮಾರನೆಯ ದಿನ ಮೈಸೂರಿನವರ ಹೆಂಡತಿ ನನ್ನನ್ನು ಕಂಡು ಮೆಲ್ಲಗೆ, "ಪಾಪ, ಈಗ ಹೇಗಿದ್ದೀರಿ? ತುಂಬಾ ಹೆದರ್ಕೊಂಡ್ರಂತೆ" ಎಂದರು. ಅಷ್ಟು ಬೇಗ ಮನೆಗೆ ಬಂದದ್ದು ಯಾಕೆಂದು ಗಂಡ ಕೇಳಿದ್ದಕ್ಕೆ, ಲಾರಿ ನೋಡಿ ಸೋಝಾ ಹೆದರಿ ಅತ್ತುಬಿಟ್ಟಳು, ಸಮಾಧಾನ ಮಾಡಿ ಕರೆತಂದೆ ಎಂದಿದ್ದಾಳೆ! ಅವನು ಎಲ್ಲರಿಗೂ ಹೇಳಿದ್ದಾನೆ. ಸಂಜೆ ನಮ್ಮವರು ಹತ್ತಿರ ಕೂತು, "ನನಗೆ ಹೇಳ್ಬಾರ್ದಿತ್ತಾ ಮಾರಾಯ್ತಿ?" ಎಂದು ಕೇಳಿದಾಗ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅದೂ ಸಾಲದೆಂದು ಆ ಹೆಂಗಸು ಯಾವುದೋ ಒಣ ಹೂವಿನ ಚಹಾ ಮಾಡಿಕೊಂಡು ಮೇಲೆ ಬಂತು, ನನ್ನ ಹೆದರಿಕೆಗೆ ಔಷಧಿಯಂತೆ! ಕೋಣೆಯ ಬಾಗಿಲು ಹಾಕಿ ಕೇಳಿದೆ.

"ನಾಚಿಕೆ ಆಗುವುದಿಲ್ವಾ ನಿಮಗೆ?"

"ಆಗ್ತದೆ," ಎಂದಳು. "ಚಹಾ ಕುಡಿ. ಆರಿದರೆ ಕಹಿ."

ಆ ಚಳಿಗಾಲದಲ್ಲಿ ಎಷ್ಟೋ ಮನೆಯವರು ಊರಿಗೆ ಹೋದರು. ನಮ್ಮವರು ಟಿಕೆಟ್ಟಿನ ಮಾತೆತ್ತಿದರೆ ನಾನು ಸುತರಾಂ ಒಪ್ಪಲಿಲ್ಲ. ಹೆದರುಪುಕ್ಕಲಿ ಎಂಬ ಹೆಸರು ಊರೆಲ್ಲ ಹಬ್ಬಿದ ಮೇಲೆ ಹೊರಟು ಹೋದರೆ ಅದು ನಿಜವೇ ಆಗಿಬಿಡುವುದಿಲ್ಲವೇ? ಹಠ ಹಿಡಿದು ಕೂತೆ. ಒಳಗೊಳಗೆ ಪ್ರತಿ ವಿಮಾನಕ್ಕೂ ನಡುಗುತ್ತಾ ಕೂತೆ. ಯುದ್ಧ ಬಂತು, ಹೋಯಿತು, ನಮ್ಮ ತಲೆಯ ಮೇಲೆ ಏನೂ ಬೀಳಲಿಲ್ಲ. ಬಿದ್ದದ್ದು ಆಮೇಲೆ, ಅವಳ ಊಟದ ಮೇಜಿನ ಮೇಲೆ.

ಎಲ್ಲ ತಣ್ಣಗಾದ ಮೇಲೆ ಒಂದು ಶುಕ್ರವಾರ ಅವಳು ಕಟ್ಟಡದವರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಕರೆದಳು. ನಾವು ನಾಲ್ವರು, ಮೈಸೂರಿನ ದಂಪತಿ, ಅವರಿಬ್ಬರು; ನಾಲ್ಕನೆಯ ಫ್ಲಾಟು ಆಗ ಖಾಲಿ. ಅವಳ ಗಂಡ ಒಳ್ಳೆಯ ಮನುಷ್ಯ, ಮಾತು ಕಡಿಮೆ; ಆವತ್ತು ಏನೋ ಹುರುಪಿನಲ್ಲಿದ್ದ. ಮತ್ತೆ ಆ ಕತೆ ತೆಗೆದ. "ಪಾಪ ಸೋಝಾ, ಜೀಪಿನಲ್ಲಿ ಮಗುವಿನ ಹಾಗೆ ಅತ್ತದ್ದು, ನನ್ನ ಹೆಂಡತಿ ಇಲ್ಲದಿದ್ದರೆ ಏನು ಗತಿ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು.

ದೀಪಾ ಮಾತ್ರ ತಟ್ಟೆಯಿಂದ ತಲೆ ಎತ್ತಿದಳು. "ನೋ. ಮಮ್ಮಿ ಡಿಡಂಟ್ ಕ್ರೈ. ಟಿಯಾ ಕ್ರೈಡ್. ಮಮ್ಮಿ ಗೇವ್ ಹರ್ ಮೊಸರನ್ನ."

ಅವಳ ಗಂಡ ಹೆಂಡತಿಯ ಕಡೆ ತಿರುಗಿದ. ಅವಳು ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಮೊದಲು ಒಂದೇ ಸಲ ಕಂಡಿದ್ದೆ, ಜೀಪಿನಲ್ಲಿ. ಯೋಚಿಸಲು ಹೊತ್ತಿರಲಿಲ್ಲ.

"ನಿನಗೆ ಎಂಥ ಗೊತ್ತು? ನೀನು ಮಲಗಿದ್ದಿ," ಎಂದೆ.

"ಐ ವಾಸ್ ನಾಟ್ ಸ್ಲೀಪಿಂಗ್!"

"ದೀಪಾ, ಸುಳ್ಳು ಹೇಳ್ಬಾರ್ದು."

ಹೀಗೆ ಹೇಳಿದವಳು ನಾನು. ಮಗುವಿನ ಮುಖ ಕೆಂಪಾಯಿತು, ಆದರೆ ಅಳಲಿಲ್ಲ. ತಟ್ಟೆ ದೂಡಿ ಎದ್ದು ಮೇಲೆ ಹೋದಳು. ನಮ್ಮವರು, "ಈಗಿನ ಮಕ್ಕಳ ಕಲ್ಪನೆ" ಎಂದೇನೋ ಹೇಳಿ ಮಾತು ಬದಲಿಸಿದರು. ಅವಳ ಗಂಡ ಮತ್ತೆ ಊಟ ಮಾಡಿದ, ನಿಧಾನವಾಗಿ.

ದೀಪಾ ನನ್ನೊಡನೆ ಮಾತು ಬಿಟ್ಟಳು. ಜಡೆ ಹಾಕಲು ಕರೆದರೆ ಅಪ್ಪನ ಹತ್ತಿರ ಹೋಗಿ ವಕ್ರ ಜಡೆ ಹಾಕಿಸಿಕೊಂಡು ಶಾಲೆಗೆ ಹೋದಳು. ಮೂರನೆಯ ದಿನ ಹತ್ತಿರ ಕೂರಿಸಿಕೊಂಡು ತಲೆ ಸವರಿದರೆ ಒಂದೇ ಮಾತು: "ಯೂ ನೋ ಐ ವಾಸ್ ಅವೇಕ್." ಗೊತ್ತಿತ್ತು. ಗೊತ್ತು ಎಂದು ಹೇಳಿದರೆ ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತಾಳೆ, ಅದು ಅಪ್ಪನ ಕಿವಿಗೆ, ಅಲ್ಲಿಂದ ಕೆಳಗಿನ ಮನೆಗೆ. ಒಬ್ಬಳ ಗುಟ್ಟಿಗಾಗಿ ನನ್ನ ಮಗಳನ್ನು ಸುಳ್ಳಿ ಮಾಡಿದ್ದೆ. ಆ ವಾರವಿಡೀ ಟಿಯಾ ಮೇಲೆ ಬರಲಿಲ್ಲ. ಬರದೇ ಇರುವುದೇ ಒಳ್ಳೆಯದು, ಬಂದರೆ ನಾಲ್ಕು ಮಾತು ಹೇಳಿ ಬಾಗಿಲು ಹಾಕುತ್ತೇನೆ ಎಂದು ಮಾತುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದೆ.

ಶುಕ್ರವಾರ ಏಳು ಗಂಟೆಗೆ ಬಾಗಿಲು ಬಡಿಯಿತು. ಧಡಧಡ ಅಲ್ಲ, ಎರಡೇ ಸಲ. ತೆರೆದೆ. ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ದಾಟಿ ನೇರ ಮಕ್ಕಳ ಕೋಣೆಗೆ ಹೋದಳು. ದೀಪಾ ಎದ್ದು ಹಾಸಿಗೆಯ ಮೇಲೆ ಕೂತಿದ್ದಳು. ಇವಳು ಮೊಣಕಾಲು ಹಿಡಿದುಕೊಂಡು, ನರಳುತ್ತಾ, ನೆಲದ ಮೇಲೆ ಕೂತಳು. ನಾನು ಬಾಗಿಲ ಬಳಿ ನಿಂತೆ.

"ನೀನು ಮಲಗಿರಲಿಲ್ಲ," ಎಂದಳು. "ಅತ್ತದ್ದು ನಾನು."

ದೀಪಾ ಹೊದಿಕೆಯನ್ನು ಮೊಣಕಾಲಿನವರೆಗೆ ಎಳೆದುಕೊಂಡಳು.

"ನೀನು ನನ್ನ ಟೊಪ್ಪಿ ಸವರಿದೆ. ಅದೂ ನೆನಪಿದೆ. ನಿನ್ನ ಅಮ್ಮ ಸುಳ್ಳು ಹೇಳಿದ್ದು ನನಗಾಗಿ, ನಾನು ಕೇಳಿಕೊಂಡದ್ದಕ್ಕೆ. ಕೇಳಬಾರದಿತ್ತು. ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡು."

ದೀಪಾ ಹಾಸಿಗೆಯ ಅಂಚಿಗೆ ಸರಿದಳು. "ತುಂಬಾ ಹೆದರಿಕೆ ಆಗಿತ್ತಾ?"

"ತುಂಬಾ. ಒಮ್ಮೆ ಅಂಥ ಲಾರಿಗಳ ಹಿಂದೆ ನಿಂತು ನನ್ನ ಮನೆ ಬಿಟ್ಟು ಬಂದಿದ್ದೆ. ಆವತ್ತು ಜೀಪಿನಲ್ಲಿ ಅದೇ ದಿನ ಅಂದುಕೊಂಡೆ."

"ಅಂಕಲ್‌ಗೆ ಹೇಳಿದ್ರಾ?"

"ಇಲ್ಲ."

"ಬಟ್ ಹೀ ಥಿಂಕ್ಸ್ ಐ ಆ್ಯಮ್ ಎ ಲೈಯರ್."

ಬೇಡ ಮಗಾ ಎಂದು ಒಳಗೆ ಹೋಗಿ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಹೋಗಲಿಲ್ಲ. ನನ್ನ ಮಗಳ ಮಾತು ನ್ಯಾಯವಾಗಿತ್ತು. ಟಿಯಾ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡಳು. ಆಮೇಲೆ ಕೈ ಚಾಚಿದಳು, ದೀಪಾ ಹಿಡಿದು ಎಬ್ಬಿಸಿದಳು.

"ಈಗಲೇ ಹೇಳ್ತೇನೆ," ಎಂದು ಕೆಳಗೆ ಹೋದಳು.

ಜಗಳದ ಶಬ್ದ ಬರುತ್ತದೇನೋ ಎಂದು ನಾನು ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದೆ. ಊಟಕ್ಕೆ ಏನು ಎಂಬುದನ್ನೂ ಕೂಗಿ ಮಾತಾಡುವ ಜನ ಅವರು. ಒಂದು ಶಬ್ದವೂ ಮೇಲೆ ಬರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅವಳ ಗಂಡ ಒಬ್ಬನೇ ಬಂದ. ಟೊಪ್ಪಿಯಿಲ್ಲದ ಬೋಳು ತಲೆ ಬಗ್ಗಿಸಿ ದೀಪಾಳಿಗೆ, "ಸಾರಿ" ಎಂದ. ನನಗೆ, "ಥ್ಯಾಂಕ್ಯು" ಎಂದ. ನನ್ನ ಹೆಸರನ್ನು ಸುಜಾತಾ ಎಂದು ಸರಿಯಾಗಿಯೇ ಹೇಳಿದ. ಅದು ನನಗೆ ಯಾಕೋ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ.

ಮುಂದಿನ ತಿಂಗಳೇ ಅವನು ಕೆಲಸಕ್ಕೆ ರಾಜೀನಾಮೆ ಕೊಟ್ಟ. ಹೆಂಡತಿಯ ಆರೋಗ್ಯ ಎಂದು ನಮ್ಮವರಿಗೆ ಹೇಳಿದನಂತೆ. ಕೆಟ್ಟವನಲ್ಲ, ಅವಳ ಒಳ್ಳೆಯದಕ್ಕೇ ಮಾಡಿದ. ನಾನು ಕೆಳಗೆ ಹೋದಾಗ ಅವಳು ಹಳೆಯ ಬಟ್ಟೆಯಲ್ಲಿ ಲೋಟ ಸುತ್ತುತ್ತಿದ್ದಳು.

"ಯಾಕೆ ಹೇಳಿದ್ರಿ?" ಎಂದೆ. ಬೈಯಬೇಕೆಂದೇ ಹೋದದ್ದು. "ಮಗು ಅದು, ಒಂದು ವಾರದಲ್ಲಿ ಮರೆಯುತ್ತಿತ್ತು."

"ಮರೆಯುತ್ತಿರಲಿಲ್ಲ ಸೋಝಾ," ಎಂದಳು. "ಆ ಲೋಟ ಹಾಗಲ್ಲ ಹಿಡಿಯುವುದು. ಒಡೆಯುತ್ತೀ."

ಹೊರಡುವ ದಿನ ಅವಳು ಮೇಲೆ ಬಂದು ಮುಚ್ಚಳ ಎತ್ತಿ, ಸಾರು ರುಚಿ ನೋಡಿ, ಈ ಮೂರು ವರ್ಷದಲ್ಲಿ ನಾನು ಏನೂ ಕಲಿಯಲಿಲ್ಲ ಎಂದಳು. ನಾನು ಬೇಕೆಂದೇ ಸಾರಿಗೆ ಇನ್ನೊಂದು ಚಮಚ ಮೆಣಸು ಹಾಕಿದೆ. ದೀಪಾ ಅವಳ ಕೈ ಹಿಡಿದುಕೊಂಡು ಕೆಳಗಿನವರೆಗೂ ಹೋದಳು. ಜೀಪಿನ ಬಳಿ ನಿಂತು ಕೇಳಿದಳು, "ಟಿಯಾ, ನಾನು ಹೇಳಿಸಿದ್ದಕ್ಕಾ ನೀವು ಹೋಗುವುದು?"

"ನಿನ್ನ ತಲೆ!" ಎಂದಳು ಟಿಯಾ, ಕಟ್ಟಡಕ್ಕೆಲ್ಲ ಕೇಳುವ ಹಾಗೆ. "ರಸ್ತೆಯ ಕೆಲಸ ಮುಗೀತು. ರಸ್ತೆ ಮುಗಿದ ಮೇಲೆ ಎಂಜಿನಿಯರಿಗೆ ಇಲ್ಲಿ ಎಂಥ ಕೆಲಸ? ಬೇಕಾದರೆ ನಿನ್ನ ಅಮ್ಮನನ್ನು ಕೇಳು."

ನನ್ನ ಕಡೆ ನೋಡಲೂ ಇಲ್ಲ. ನಾನು ಹೂಂ ಎನ್ನುತ್ತೇನೆಂದು ಅವಳಿಗೆ ಅಷ್ಟು ಧೈರ್ಯ. ನಾನು ಹೂಂ ಎಂದೆ.

ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ಚಳಿ, ಭಾವನ ಹೆಂಡತಿ, ಮೀನಿನ ರೇಟು, ಎಲ್ಲದರ ಮೇಲೆ ದೂರು.

ದೀಪಾ ಈಗ ಉಡುಪಿಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಕಾಗದ ಬಂದ ದಿನ ಫೋನು ಮಾಡಿ ಸುದ್ದಿ ಹೇಳಿದೆ. ಲೈನಿನಲ್ಲಿ ಹಾಸ್ಟೆಲಿನ ಹುಡುಗಿಯರ ಗಲಾಟೆ ಕೇಳುತ್ತಿತ್ತು. ಅವಳು ಕನ್ನಡದಲ್ಲೇ ಕೇಳಿದಳು.

"ಅಮ್ಮ, ಅವರು ಅಷ್ಟು ಬೇಗ ಮಸ್ಕತ್ತು ಬಿಟ್ಟು ಹೋದದ್ದು ಯಾಕೆ?"

"ರಸ್ತೆಯ ಕೆಲಸ ಮುಗಿದಿತ್ತಲ್ಲ ಮಗಾ," ಎಂದೆ.

ಆ ರಸ್ತೆ ಮುಗಿಯಲು ಮತ್ತೆ ಎರಡು ವರ್ಷ ಹಿಡಿಯಿತು.